ಅವಸರದ ವೀಸಾ ಮತ್ತು ಅವ್ವನ ಕೈ

ನಮ್ಮ ಅವ್ವನ ಹೆಬ್ಬೆರಳು ಯಾವ ಮಷಿನ್ನಿಗೂ ಬರುತ್ತಿರಲಿಲ್ಲ. ತಿಕೋಟಾದ ನಮ್ಮ ಓಣಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ರೇಷನ್ ಅಂಗಡಿಯ ಸಾಲಿನಲ್ಲಿ ಅವ್ವನ ಸರದಿ ಬಂತೆಂದರೆ ಹಿಂದಿನವರು ನಗಲು ಶುರು ಮಾಡುತ್ತಿದ್ದರು. ಆಕೆ ಬೆರಳನ್ನು ಸೆರಗಿಗೆ ಒರೆಸಿ ಒತ್ತುವುದು, ಮತ್ತೆ ಒರೆಸಿ ಮತ್ತೆ ಒತ್ತುವುದು, ಮಷಿನ್ನು ಆಗುವುದಿಲ್ಲ ಎನ್ನುವುದು. ಕೊನೆಗೆ ಅಂಗಡಿಯವನು, "ಯಕ್ಕಾ, ಹೆಬ್ಬಟ್ಟು ಬಿಡ್ರಿ, ಫೋನಿಗೆ ನಂಬರ್ ಬಂದೈತೇನ್ ನೋಡ್ರಿ" ಎನ್ನುತ್ತಿದ್ದ. ಅವ್ವನೂ ಎಲ್ಲರ ಜೊತೆ ನಗುತ್ತಿದ್ದಳು. ಅದನ್ನು ತೊಂದರೆ ಎಂದು ನಾವ್ಯಾರೂ ಎಣಿಸಿರಲಿಲ್ಲ.

ನಮ್ಮದು ದ್ರಾಕ್ಷಿ ತೋಟ, ಪಕ್ಕದಲ್ಲೇ ಒಣಗಿಸುವ ಶೆಡ್ಡು. ಕೊಯ್ದ ಹಣ್ಣನ್ನು ಹಾಗೇ ಬಲೆಯ ಮೇಲೆ ಹರವಿದರೆ ಒಣಗಲು ತಿಂಗಳ ಮೇಲಾಗುತ್ತದೆ. ಅಷ್ಟರಲ್ಲಿ ಒಂದು ಅಕಾಲದ ಮೋಡ ಬಂದರೆ ಕಥೆ ಮುಗಿಯಿತು. ಅದಕ್ಕೇ ಹರವುವ ಮೊದಲು ಹಣ್ಣನ್ನು ನೀರು, ಪೊಟ್ಯಾಶಿನ ಬಿಳಿ ಪುಡಿ, ಡಿಪ್ಪಿಂಗ್ ಎಣ್ಣೆ ಕಲಸಿದ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಹಣ್ಣಿನ ಮೈಮೇಲಿನ ಮೇಣ ಬಿಟ್ಟುಕೊಂಡು ಅರ್ಧ ಕಾಲದಲ್ಲೇ ಒಣದ್ರಾಕ್ಷಿ, ನಮ್ಮ ಬಾಯಲ್ಲಿ ಮಣೂಕ, ಸಿದ್ಧ. ಆ ತೊಟ್ಟಿಯ ಮುಂದೆ ಅವ್ವನದೇ ಕಾರುಬಾರು. ನಾನು ತಂದುಕೊಟ್ಟ ರಬ್ಬರಿನ ಕೈಗವಸುಗಳು ಪ್ರತಿ ಹಂಗಾಮಿನಲ್ಲೂ ಮೊಳೆಗೆ ತೂಗುಬಿದ್ದೇ ಇರುತ್ತಿದ್ದವು. "ಹಣ್ಣು ನೆಂದೈತೋ ಇಲ್ಲೋ ಕೈಗೆ ತಿಳೀಬೇಕಲ್ಲ ಬೇ" ಎನ್ನುತ್ತಿದ್ದಳು.

ಅಂಥ ಕೈ ಹೇಗಿರಬೇಡ? ಬೆರಳ ತುದಿಗಳು ಸವೆದು ನುಣುಪಾಗಿದ್ದವು, ಅಂಗೈ ಮಾತ್ರ ಒಡೆದು ಗರಗಸವಾಗಿತ್ತು. ಚಿಕ್ಕವರಿದ್ದಾಗ ಬೆನ್ನು ತುರಿಸಿದರೆ ನಾನೂ ಅಕ್ಕನೂ ಅವ್ವನ ಹತ್ತಿರ ಓಡುತ್ತಿದ್ದೆವು. ಉಗುರಿನ ಹಂಗಿಲ್ಲ, ಸುಮ್ಮನೆ ಸವರಿದರೆ ಸಾಕು. ಅಕ್ಕನಿಗಂತೂ ಅದಿಲ್ಲದೆ ನಿದ್ದೆಯೇ ಹತ್ತುತ್ತಿರಲಿಲ್ಲ. ಆದರೆ ನಾವಿಬ್ಬರೂ ಹಸುಗೂಸುಗಳಿದ್ದಾಗ ನಮಗೆ ಎಣ್ಣೆ ಹಚ್ಚಿ ಎರೆದವಳು ಅವ್ವ ಅಲ್ಲ, ಆಕೆಯ ಅಕ್ಕ, ಬಬಲೇಶ್ವರದ ನಮ್ಮ ದೊಡ್ಡವ್ವ. ಅವ್ವ ಮುಟ್ಟಿದರೆ ಎಳೆಯ ಮೈ ಕೆಂಪಾಗುತ್ತಿತ್ತಂತೆ. ಎರಡು ಹೆತ್ತರೂ ಒಂದಕ್ಕೂ ನೀರು ಹಾಕಲಿಲ್ಲ ಎಂದು ದೊಡ್ಡವ್ವ ಈಗಲೂ ಕಾಡಿಸುತ್ತಾಳೆ, ಅವ್ವ ಆಗ ಮಾತು ತಿರುಗಿಸುತ್ತಾಳೆ.

ಅಕ್ಕ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಆಕೆಗೆ ಮೊದಲ ಬಸಿರು. ನಮ್ಮಲ್ಲಿ ಚೊಚ್ಚಲು ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ರಕ್ತದ ಒತ್ತಡ ಏರಿದೆ, ವಿಮಾನ ಹತ್ತಕೂಡದು ಎಂದು ಅಲ್ಲಿಯ ವೈದ್ಯರು ಹೇಳಿದರು. ಹಾಗಾಗಿ ತವರುಮನೆಯೇ ವಿಮಾನ ಹತ್ತಬೇಕಾಯಿತು. ಹೇಗೂ ದಿನ ಇದೆ, ಹಂಗಾಮು ಮುಗಿದ ಮೇಲೆ ಅವ್ವ ಹೋದರಾಯಿತು ಎಂದುಕೊಂಡಿದ್ದೆವು. ಅಷ್ಟರಲ್ಲಿ ಅಕ್ಕನ ಫೋನು ಬಂತು. ಅಂದಾಜಿಗಿಂತ ಮೊದಲೇ ಹೆರಿಗೆ ಮಾಡಿಸುವ ಯೋಚನೆಯಿದೆಯಂತೆ.

"ನೂರಾರು ಬಾಣಂತ್ಯಾರನ್ನ ನೋಡೀನಿ. ನನ್ನ ಸರದಿಗೆ ನಂಗ ಅಂಜಿಕಿ ಬರಾಕತ್ತೈತಿ. ಅವ್ವ ಬಾಜೂಕ ಇರಬೇಕು" ಎಂದಳು ಅಕ್ಕ. ಆಕೆ ಯಾವುದಕ್ಕೂ ಅಂಜಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಾನು ವಿಜಯಪುರದ ಅಥಣಿ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ತಾಳ್ಮೆ ಎಂಬುದನ್ನು ದೇವರು ನನಗೆ ಅಳತೆಗಿಂತ ಕಡಿಮೆ ಕತ್ತರಿಸಿ ಕೊಟ್ಟಿದ್ದಾನೆ. ಮರುದಿನವೇ ಅವ್ವನನ್ನು ತಿಕೋಟಾ ಬಸ್ಸಿನಿಂದ ಇಳಿಸಿಕೊಂಡು, ಊರೊಳಗಿನ ವೀಸಾ ಏಜೆಂಟನ ಮುಂದೆ ಕೂರಿಸಿದೆ. ಅವನು ಸಾದಾ ಅರ್ಜಿಗೆ ಹಿಡಿಯುವ ಕಾಲ ಹೇಳಿದ. ಅಷ್ಟರಲ್ಲಿ ಕೂಸು ಹುಟ್ಟಿ ನಗಲು ಕಲಿತಿರುತ್ತಿತ್ತು.

"ಇನ್ನೊಂದು ದಾರಿ ಐತ್ರಿ" ಎಂದ. "ಮ್ಯಾಲೆ ಬ್ಯಾರೆ ಫೀ ಕಟ್ಟಿದ್ರ ನಿಮ್ಮ ಫೈಲ್ ಮುಂದ ತಗೊಂತಾರ. ಒಂದ ವಾರದಾಗ ಜವಾಬ್ ಬರ್ತೈತಿ."

ನಾನು ದಂಗಾದೆ. ಲಂಚ ಗೊತ್ತಿತ್ತು, ವಶೀಲಿ ಗೊತ್ತಿತ್ತು. ಹೀಗೆ ಬೋರ್ಡು ಹಾಕಿ, ರಸೀದಿ ಕೊಟ್ಟು, ಸರಕಾರವೇ ಕಾಲವನ್ನು ಮಾರುತ್ತದೆ ಎಂದು ಗೊತ್ತಿರಲಿಲ್ಲ. ಸಮುದ್ರದಾಚೆ ಯಾವುದೋ ಮೇಜಿನ ಮೇಲೆ, ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದ ಒಬ್ಬರು ನಮ್ಮವ್ವನ ಕಾಗದವನ್ನು ಇತರರ ಕಾಗದಗಳ ಮೇಲೆ ಎತ್ತಿಡುತ್ತಾರೆ! ಆ ಕೆಳಗೆ ಉಳಿದ ಕಾಗದಗಳಲ್ಲೂ ಯಾರದೋ ಅವ್ವಂದಿರು ಇರಬಹುದಲ್ಲ ಎಂದೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೂ ಕಟ್ಟೋಣ ಎಂದೆ.

ಏಜೆಂಟ್ ಕೈ ಎತ್ತಿದ. "ಒಂದ್ ಮಾತು ಮೊದ್ಲ ಹೇಳ್ತೀನ್ರಿ. ರೊಕ್ಕ ಕೊಡೂದು ಲಗೂನ ಜವಾಬ್ ಬರ್ಲಿ ಅಂತ. ಹೂಂ ಅನ್ಲಿ ಅಂತ ಅಲ್ಲ. ಇಲ್ಲ ಅನ್ನೂದಿದ್ರ ಅದನ್ನೂ ಲಗೂನ ಅಂತಾರ."

ನಾನು ಜಗಳಕ್ಕೆ ಬಾಯಿ ತೆರೆದಿದ್ದೆ. ಅವ್ವ ನನ್ನ ಮೊಣಕೈ ಹಿಡಿದಳು. "ಬರೋಬರಿ ಐತಿ ಬಿಡ. ನಾವೂ ಎಣ್ಣ್ಯಾಗ ಅದ್ದಿ ಒಣಗಸ್ತೀವಿ. ಲಗೂನ ಒಣಗ್ತಾವ ಖರೆ, ಹುಳಿ ಹಣ್ಣು ಸಿಹಿ ಆಗತಾವೇನು?" ಏಜೆಂಟ್ ಅವ್ವನಿಗೆ ಚಹಾ ತರಿಸಿದ.

ಬೆರಳಚ್ಚು, ಫೋಟೊ ಕೊಡಲು ಪುಣೆಗೆ ಹೋಗಬೇಕಿತ್ತು. ಹಿಂದಿನ ದಿನದ ಸಂಜೆಯವರೆಗೂ ಅವ್ವ ತೊಟ್ಟಿಯಲ್ಲಿ ಕೈ ಅದ್ದಿಯೇ ಇದ್ದಳು. ಕೊಯ್ದ ಹಣ್ಣು ಯಾರ ವೀಸಾಕ್ಕೂ ಕಾಯುವುದಿಲ್ಲ. ಏಜೆಂಟ್ ಮೆಹಂದಿ ಹಚ್ಚಬೇಡಿ, ಗಾಯ ಮಾಡಿಕೊಳ್ಳಬೇಡಿ ಎಂದಿದ್ದ. ಅವ್ವ ಎರಡನ್ನೂ ಪಾಲಿಸಿದ್ದಳು. ರೇಷನ್ ಅಂಗಡಿಯಲ್ಲಿ ಇಷ್ಟು ವರ್ಷ ನಕ್ಕ ನಮ್ಮಲ್ಲಿ ಒಬ್ಬರಿಗೂ ಆ ಮಷಿನ್ನಿನ ನೆನಪು ಬರಲಿಲ್ಲ.

ಪುಣೆಯ ಕೌಂಟರಿನಲ್ಲಿದ್ದ ಹುಡುಗಿ ಒಳ್ಳೆಯವಳು. ಅವ್ವನ ಗಡಿಸೀಮೆಯ ಮರಾಠಿ ಕೇಳಿ ನಕ್ಕು, "ಮಾವಶಿ", ಎಂದರೆ ಚಿಕ್ಕವ್ವ, ಎಂದು ಕರೆದಳು. ಗಾಜಿನ ಮೇಲೆ ಬೆರಳು ಇಡಿಸಿದಳು, ಒದ್ದೆ ಬಟ್ಟೆಯಿಂದ ಒರೆಸಿದಳು, ತನ್ನ ಕೈಯಿಂದ ಮೇಲೆ ಒತ್ತಿ ಹಿಡಿದಳು. ಪರದೆಯ ಮೇಲೆ ಬೂದು ಬಣ್ಣದ ಮಸುಕು ಕಲೆಗಳು ಬಂದವು, ಗೆರೆ ಒಂದೂ ಬರಲಿಲ್ಲ. ಹಿರಿಯ ಅಧಿಕಾರಿ ಬಂದು ಅವ್ವನ ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿದರು. ಚರ್ಮ ಸುಧಾರಿಸಿದ ಮೇಲೆ ಇನ್ನೊಮ್ಮೆ ಬನ್ನಿ ಎಂದರು. ಅವಸರದ ಫೀ ಕಟ್ಟಿದ್ದೇವಲ್ಲ ಎಂದೆ. ಬೆರಳು ಕೊಟ್ಟ ಮೇಲೆಯೇ ಆ ಅವಸರ ಶುರುವಾಗುವುದು ಎಂದರು.

ಹಿಂತಿರುಗುವ ಬಸ್ಸಿನಲ್ಲಿ ನಾನು ಸೊಲ್ಲಾಪುರದವರೆಗೂ ಒಂದೊಂದಕ್ಕೂ ಬೈದೆ. ಮಷಿನ್ನಿಗೆ, ಪೊಟ್ಯಾಶಿಗೆ, ಮೊಳೆಗೆ ತೂಗುಬಿದ್ದ ಕೈಗವಸಿಗೆ. ಅವ್ವ ಎರಡೂ ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಿದ್ದಳು. ಹಣ್ಣನ್ನು ಬೇಗ ಒಣಗಿಸಿದ ನೀರೇ ಆಕೆಯ ದಾರಿಗೆ ಅಡ್ಡ ಬಂದಿತ್ತು. "ಅಲ್ಲಿ ಅಳಿಯ ಅದಾರ ಖರೆ, ಆದ್ರೂ ಆಕಿ ಒಬ್ಬಾಕೀನ ಬೇ" ಎಂದಳು ಕೊನೆಗೆ, ಅಷ್ಟೇ.

ಸುದ್ದಿ ತಿಳಿದು ಬಬಲೇಶ್ವರದಿಂದ ದೊಡ್ಡವ್ವ ಬಂದಿಳಿದಳು. ಬಂದವಳೇ ಸೀರೆಯ ಸೆರಗು ಸಿಕ್ಕಿಸಿ ತೊಟ್ಟಿಯ ಮುಂದೆ ನಿಂತಳು. ಕೈಗೆ ಆ ರಬ್ಬರಿನ ಗವಸು! ತಂಗಿಗೆ ಆಜ್ಞೆ ಮಾಡಿದಳು: "ನೀ ಇನ್ನ ಏನೂ ಮುಟ್ಟಂಗಿಲ್ಲ. ಭಾಂಡೆ ಇಲ್ಲ, ಕಸಬರಗಿ ಇಲ್ಲ, ಖಾರದ ಪುಡಿ ಸೈತ ಇಲ್ಲ. ಕುಂಡ್ರು." ದಿನವೂ ಅವ್ವನ ಕೈಗೆ ಕೆನೆ ಸವರಿ, ಉಗುರು ಬೆಚ್ಚಗಿನ ಕುಸುಬಿ ಎಣ್ಣೆ ತಿಕ್ಕಿದಳು. ನಾನು ಅಪ್ಪನ ಹಳೆಯ ಧೋತರದಿಂದ ಮೆತ್ತಗಿನ ಕೈಗವಸು ಹೊಲಿದು ತೊಡಿಸಿದೆ. ನನ್ನ ಕಸುಬಿನಲ್ಲಿ ಅದಕ್ಕಿಂತ ಜೋಪಾನವಾಗಿ ನಾನು ಏನನ್ನೂ ಹೊಲಿದಿಲ್ಲ.

ಅವ್ವ ಸುಮ್ಮನೆ ಕೂತದ್ದನ್ನು ನಾನು ನೋಡಿರಲೇ ಇಲ್ಲ. ಶೆಡ್ಡಿನ ಬಾಗಿಲಲ್ಲಿ ಹೊರಸು ಹಾಕಿಕೊಂಡು, ಬಿಳಿ ಗವಸಿನ ಕೈಗಳನ್ನು ಮಡಿಲಲ್ಲಿಟ್ಟು, ಬಾಯಲ್ಲೇ ಕೆಲಸ ಮಾಡಿಸಿದಳು. ಹಣ್ಣು ಹರವುವ ಹೆಂಗಸರು ಬಿಟ್ಟಾರೆಯೇ? "ಯಕ್ಕಾ, ಮೆಹಂದಿ ಹಚ್ಚಿದ ಮದಿಮಗಳಾಗಿಯಲ್ಲ! ವರ ಯಾವೂರಾಂವ?" ಎಂದು ಕೂಗುವರು. "ಲಂಡನ್‌ದಾಂವ" ಎಂದು ಅವ್ವನೂ ಬಿಡದೆ ಕೂಗುವಳು. ಊಟದ ಹೊತ್ತಿಗೆ ನಾನು ರೊಟ್ಟಿ ಮುರಿದು ತುತ್ತು ಕೊಡುತ್ತಿದ್ದೆ. ಮೊದಲ ದಿನ ಆಕೆ ನಾಚಿ ಮುಖ ಆಚೆ ತಿರುಗಿಸಿದಳು. ಅಂಗಡಿಯ ಬಾಗಿಲು ಹಾಕಿ ಬಂದಿದ್ದೇನೆಂದು ಗಿರಾಕಿಗಳು ನನಗೆ ಫೋನಿನಲ್ಲಿ ಶಾಪ ಹಾಕುತ್ತಿದ್ದರು. ಇತ್ತ ಅಕ್ಕ ದಿನಾ ಕೇಳುತ್ತಿದ್ದಳು, ಬೆರಳು ಬಂತೇನು ಎಂದು.

ಒಂದು ಮುಂಜಾನೆ ಗವಸು ಕಳಚಿ ಎಣ್ಣೆ ಒರೆಸುವಾಗ ಬಿಸಿಲು ಓರೆಯಾಗಿ ಅವ್ವನ ಹೆಬ್ಬೆರಳ ಮೇಲೆ ಬಿತ್ತು. ನಾನು ಕಣ್ಣು ಹತ್ತಿರ ಒಯ್ದೆ. ಗೆರೆಗಳಿದ್ದವು. ಸೀರೆಯ ನೂಲಿಗಿಂತ ಸಣ್ಣ, ಒಂದರ ಪಕ್ಕ ಒಂದು, ನಡುವೆ ಸುತ್ತಿಕೊಂಡು ಸುಳಿಯಾಗಿದ್ದವು. ಯಾರೂ ಬರೆಯದೆ, ಯಾರಿಗೂ ಹೇಳದೆ, ಆಕೆ ಹುಟ್ಟುವಾಗ ಇದ್ದ ಗೆರೆಗಳೇ ಒಳಗಿನಿಂದ ಮೇಲೆದ್ದು ಬಂದಿದ್ದವು. ಇಷ್ಟು ವರ್ಷದ ಪೊಟ್ಯಾಶು ಮೇಲ್ಮೇಲಿನ ಚರ್ಮವನ್ನಷ್ಟೇ ತಿಂದಿತ್ತು. ನನ್ನನ್ನು ಹೆತ್ತವಳ ಬೆರಳಿನ ಸುಳಿಯನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ದೇವರ ಕೋಣೆಯಲ್ಲಿ ಬಾರದ ಭಕ್ತಿ ಆ ಹೊರಸಿನ ಮುಂದೆ ಬಂತು ಎಂದರೆ ತಪ್ಪಿಲ್ಲ.

"ಏನಾತು, ಮುಳ್ಳ ಮುರದೈತೇನು?" ಎಂದಳು ಅವ್ವ.

ದೊಡ್ಡವ್ವ ಕಣ್ಣಿನ ಸಾಕ್ಷಿ ನಂಬುವವಳಲ್ಲ. ನೇರ ರೇಷನ್ ಅಂಗಡಿಗೆ ಮೆರವಣಿಗೆ ಹೊರಡಿಸಿದಳು. ಅಂಗಡಿಯವನು ಹಲ್ಲು ಕಿರಿದು ಮಷಿನ್ನು ಮುಂದೆ ತಳ್ಳಿದ. ಅವ್ವ ಅಭ್ಯಾಸಬಲದಿಂದ ಸೆರಗಿಗೆ ಒರೆಸಿ ಒತ್ತಿದಳು. ಮಷಿನ್ನು ಒಮ್ಮೆಗೇ ಒಪ್ಪಿಕೊಂಡು ಚೀಟಿ ಉಗುಳಿತು. ಅಂಗಡಿಯವನ ನಗು ನಿಂತಿತು. ಸಾಲಿನಲ್ಲಿದ್ದವರೆಲ್ಲ ಬಗ್ಗಿ ಅವ್ವನ ಬೆರಳು ನೋಡಲು ಬಂದರು. "ಯಪ್ಪಾ, ಬಂತಲ್ರಿ!" ಎಂದು ಅವನು ಆ ಮಷಿನ್ನಿಗೇ ಕೈ ಮುಗಿದ.

ಮತ್ತೆ ಪುಣೆಗೆ ಹೋದೆವು. ಕೌಂಟರಿನ ಆ ಹುಡುಗಿ ಪರದೆಯ ಮೇಲೆ ಸುಳಿಗಳು ಮೂಡಿದಾಗ ಎದ್ದು ನಿಂತು ಅವ್ವನ ಕೆನ್ನೆ ಸವರಿದಳು. ಅಲ್ಲಿಂದ ಮುಂದೆ ನಾವು ಕಟ್ಟಿದ ಅವಸರ ನಿಜಕ್ಕೂ ಓಡಿತು. ವಾರ ತುಂಬುವ ಮೊದಲೇ ಹೂಂ ಎಂದು ಜವಾಬು ಬಂತು. ಮುಂಬೈಯಲ್ಲಿ ಅವ್ವನನ್ನು ಒಳಗೆ ಕಳಿಸುವಾಗ ಚೀಲದಲ್ಲಿ ಖಾರಬ್ಯಾಳಿ ಮಸಾಲೆ, ಬಾಣಂತಿಗೆಂದು ಅಂಟಿನ ಉಂಡಿ, ನಮ್ಮದೇ ಮಣೂಕ ಇದ್ದವು. "ಎರಿಯೋರ್ಯಾರ ಅಲ್ಲಿ? ಎಷ್ಟ ಎಣ್ಣಿ ತಿಕ್ಕಿದ್ರೇನು, ನಿನ್ನ ಕೈ ಕೂಸಿಗಿ ಆಗಂಗಿಲ್ಲ" ಎಂದು ದೊಡ್ಡವ್ವ ಫೋನಿನಲ್ಲಿ ಚಿಂತೆ ಮಾಡಿದಳು. "ಅಲ್ಲಿ ನರ್ಸಮ್ಮಗಳು ಇರ್ತಾರ ತಗೋ" ಎಂದು ಅವ್ವ ಎಂದಿನಂತೆ ಮಾತು ತಿರುಗಿಸಿದಳು.

ಅವ್ವ ಅಲ್ಲಿ ಇಳಿದಾಗ ಅಕ್ಕನಿಗೆ ಆಗಲೇ ನೋವು ಶುರುವಾಗಿತ್ತು. ಭಾವ ಅವ್ವನನ್ನು ವಿಮಾನ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಕರೆದೊಯ್ದರು. ಮುಂದಿನದನ್ನು ಅಕ್ಕನೇ ನನಗೆ ಹೇಳಿದ್ದು. ಆಕೆ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಹಲ್ಲು ಕಚ್ಚಿದ್ದಳಂತೆ. ಯಾರೋ ಬಂದು ಬೆನ್ನು ಸವರಲು ಶುರು ಮಾಡಿದರು. ಮೆತ್ತಗಿನ ಕೈ. ಜೊತೆಗೆ ಕೆಲಸ ಮಾಡುವ ಯಾವಳೋ ನರ್ಸು ಎಂದುಕೊಂಡು, ಆ ಕೈಯನ್ನು ಸರಿಸಿ, "ನಮ್ಮವ್ವ ಇನ್ನೂ ಬರಲಿಲ್ಲೇನು?" ಎಂದು ಕನ್ನಡದಲ್ಲೇ ಅತ್ತಳಂತೆ.

"ಯವ್ವಾ, ನಾನ ಅದೀನಲ್ಲ" ಎಂದಿತು ಬೆನ್ನ ಹಿಂದಿನ ದನಿ.

ಅಕ್ಕ ಹೊರಳಿ ಆ ಕೈಯನ್ನು ಹಿಡಿದು ನೋಡಿದಳು. ನೋವು ಬಂದು ಹೋಗುವವರೆಗೂ ಬಿಡಲಿಲ್ಲ. ಸಂಜೆಗೆ ಮಗಳು ಹುಟ್ಟಿದಳು.

ಕೆಲವು ದಿನಗಳಾದ ಮೇಲೆ ದೊಡ್ಡವ್ವನೂ ನಾನೂ ನನ್ನ ಅಂಗಡಿಯಲ್ಲಿ ಕೂತು ವಿಡಿಯೋ ಕರೆ ನೋಡಿದೆವು. ಅವ್ವ ಕಾಲು ಚಾಚಿ ಕೂತಿದ್ದಳು, ಕಾಲುಗಳ ಮೇಲೆ ಕೂಸು ಬೋರಲು ಮಲಗಿತ್ತು, ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಅವ್ವ ಎತ್ತಿದ ಕೈಯನ್ನು ಗಾಳಿಯಲ್ಲೇ ತಡೆದಳು. ದೊಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅವ್ವ ಆ ಕೈಯನ್ನು ಮೆಲ್ಲಗೆ ಇಳಿಸಿ, ಕೂಸಿನ ಬೆನ್ನನ್ನು ಕುತ್ತಿಗೆಯಿಂದ ಸೊಂಟದವರೆಗೆ ಒಮ್ಮೆ ಸವರಿದಳು. ಕೂಸು ಅಳಲಿಲ್ಲ.