ಎರಡೂವರೆ ತಾಸಿನ ವಿಮಾನ

ಮಸ್ಕಿಯ ಪಕೀರಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಊರಿನ ಸಾವುನೋವಿನ ಸುದ್ದಿಯನ್ನೆಲ್ಲ ಹೊತ್ತವನು ಅವನೇ. ಅಂಥ ಸುದ್ದಿ ಒಯ್ಯುವಾಗ ಮುಟ್ಟಿಸುವ ತನಕ ಎಲ್ಲೂ ಕೂಡುತ್ತಿರಲಿಲ್ಲ, ನೀರನ್ನೂ ನಿಂತೇ ಕುಡಿಯುತ್ತಿದ್ದ. ಊರಿಗೆ ಇದು ಗೊತ್ತಿತ್ತು. ಜನ ಕೆಲಸಕ್ಕೆ ಕರೆಯುತ್ತಿದ್ದುದೂ, ಅವನ ಮನೆಯ ಒಲೆ ಉರಿಯುತ್ತಿದ್ದುದೂ ಎಲ್ಲೂ ತಡಮಾಡದವನೆಂಬ ಈ ಹೆಸರಿನಿಂದಲೇ.

೧೯೫೩ರ ಒಂದು ಗುರುವಾರ ಮಧ್ಯಾಹ್ನ, ಹತ್ತು ಜನರೆದುರು ಮರಿಸ್ವಾಮಿ ಆ ಹೆಸರಿಗೇ ಕೈಹಾಕಿದ. ಮುಂಬೈಯಲ್ಲಿ ಹತ್ತಿ ವ್ಯಾಪಾರ ಮಾಡುವ ಈ ಮಹಾಶಯ ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ತಾಯಿ ಶೇಖರಮ್ಮನನ್ನು ಮಣ್ಣು ಮಾಡಿ ಒಂದು ರಾತ್ರಿ ಕಳೆದಿತ್ತು.

"ಲೇ ಪಕೀರ್ಯಾ, ತಂತಿ ಕೊಡಾಕ ಹೋದಾಂವ ಯಾವ ಗಿಡದ ಬುಡಕ ಮಲಗಿದ್ದಿಲೇ? ಮುಂಬೈಯಿಂದ ಹೈದರಾಬಾದಿಗೆ ನಾನೂರು ಮೈಲಿ. ಇಮಾನದಾಗ ಎರಡೂವರಿ ತಾಸಿಗೆ ಬಂದೀನಿ ನಾ. ಲಿಂಗಸುಗೂರಿನ ಹದಿನೆಂಟು ಮೈಲಿಗೆ ನಿನಗ ಎಷ್ಟು ದಿನಾ ಬೇಕಾದ್ವು? ನಮ್ಮವ್ವನ ಮಾರಿ ತಪ್ಪಿಸಿದ್ಯಲ್ಲೋ ಹರಾಮಖೋರ!"

ಪಕೀರಪ್ಪನ ಮೈ ಉರಿಯಿತು. ಸೋಮವಾರ ನಸುಕಿನಲ್ಲಿ ಶೇಖರಮ್ಮನ ಮಾತು ನಿಂತಾಗ ಮಗಳು ಗುರುಲಿಂಗಮ್ಮ ಅವನನ್ನು ಕಳಿಸಿದ್ದಳು. ಹನ್ನೊಂದರೊಳಗೆ ಅವನು ಲಿಂಗಸುಗೂರಿನ ತಂತಿ ಕಚೇರಿಯಲ್ಲಿದ್ದ. ಈಗ ಅಂಗಳದ ಜನ ಅವನತ್ತ ಅನುಮಾನದಿಂದ ನೋಡತೊಡಗಿದ್ದರು. ಸುಮ್ಮನಿದ್ದರೆ ನಾಳೆಯಿಂದ ಯಾರೂ ಅವನ ಬಾಗಿಲಿಗೆ ಬರುವುದಿಲ್ಲ.

"ತಂತಿ ಕಾಗದಾ ನಿಮ್ಮ ಕಿಸೇದಾಗ ಇರಬೇಕಲ್ರೀ ಧಣ್ಯಾರ. ಮುಟ್ಟಿದ ದಿನಾ, ತಾಸು ಅದರಾಗ ಬರದಿರ್ತಾರ. ಮಾಸ್ತರು ಓದ್ಲಿ."

ಮರಿಸ್ವಾಮಿ ಧಿಮಾಕಿನಿಂದಲೇ ತೆಗೆದು ಎಸೆದ. ಶಾಲೆಯ ಮಾಸ್ತರರಾದ ಕರಿಬಸಯ್ಯ ಕನ್ನಡಕ ಏರಿಸಿಕೊಂಡು ಇಂಗ್ಲಿಷ್ ಕಾಗದ ಓದಿ ಕನ್ನಡದಲ್ಲಿ ಹೇಳಿದರು: "ಅವ್ವಗ ಭಾಳ ಜಡ್ಡು, ಕೂಡಲೇ ಬಾ. ಮುಂಬೈ ಮುಟ್ಟಿದ್ದು ಸೋಮವಾರ ಮಧ್ಯಾಹ್ನ ಮೂರಕ್ಕ."

ಗುರುಲಿಂಗಮ್ಮ ತಮ್ಮನ ಎದುರಿಗೆ ಬಂದು ನಿಂತಳು. "ಅವತ್ತ ರಾತ್ರಿ ಮದ್ರಾಸ್ ಮೇಲ್ ಹತ್ತಿದ್ರ ಮಂಗಳವಾರ ರಾಯಚೂರಾಗ ಇಳಿದು ಸಂಜಿಗೆ ಮನೀ ಮುಟ್ಟತಿದ್ದಿ. ಎರಡು ದಿನಾ ಏನ್ ಮಾಡಿದಿ?"

"ರೈಲು ಭಾಳ ತಡಾ ಅಕ್ಕಾ. ಇಮಾನಕ್ಕ ಸೀಟು ಸಿಕ್ಕಿದ್ದು ಬುಧವಾರಕ್ಕ. ಎರಡೂವರಿ ತಾಸು ಅಷ್ಟ ನೋಡು..."

ಹೈದರಾಬಾದಿನಲ್ಲಿ ಇಳಿದ ಮೇಲೆ ಮತ್ತೆ ರೈಲು, ಮತ್ತೆ ಬಸ್ಸು ಹಿಡಿಯಬೇಕಾಯಿತೆಂಬುದನ್ನು ಈ ಶಾಣ್ಯಾ ಬಾಯಿಬಿಡಲಿಲ್ಲ.

"ಅವ್ವ ಬುಧವಾರ ಮುಂಜಾನಿ ತನಾ ಜೀವಾ ಹಿಡಕೊಂಡಿದ್ಲು," ಅಂದಳು ಅಕ್ಕ. "ಕಣ್ಣು ಬಾಗಿಲ ಮ್ಯಾಲ ಇತ್ತು."

ಮರಿಸ್ವಾಮಿಯ ಮುಖ ಬಿಳಿಚಿತು. ಪಕೀರಪ್ಪನಿಗೆ ಕನಿಕರ ಬರಲಿಲ್ಲ. ಮೂವತ್ತು ವರ್ಷದ ಹೆಸರಿನ ಮೇಲೆ ಉಗುಳಿದವನಿಗೆ ಕನಿಕರ ಯಾಕೆ? ಹೆಗಲ ಕಂಬಳಿ ಕೊಡವಿ ಹೊರಟ.

"ನಿಂದ್ರು ಪಕೀರಪ್ಪ." ಗುರುಲಿಂಗಮ್ಮ ಒಳಗಿನಿಂದ ಚರಿಗೆಯಲ್ಲಿ ನೀರು ತಂದು ಅವನ ಮುಂದಿಟ್ಟಳು. ಅಂಗಳ ದಾಟಿ ಎಂದೂ ಒಳಬಾರದವನು ಅವನು. "ಕಾಲು ತೊಳಕೊಂಡು ಪಡಸಾಲಿಗೆ ಬಾ. ಉಂಡು ಹೋಗು."

ದೂರದಿಂದ ಬಂದ ತಮ್ಮನಿಗೆ ಇನ್ನೂ ಯಾರೂ ಕಾಲಿಗೆ ನೀರು ಕೊಟ್ಟಿರಲಿಲ್ಲ. ಅವನು ಬೂಟು ಬಿಚ್ಚಿ ಕಾಯುತ್ತ ನಿಂತ. ಅಕ್ಕ ಎರಡನೆಯ ಚರಿಗೆ ತರಲಿಲ್ಲ.