ಟಗರಿಗೆ ಕಟ್ಟುವ ಬಟ್ಟೆ

“ಇಂಥಾದು ಟಗರಿಗಿ ಕಟ್ತೀವಿ ತಮ್ಮಾ, ಮನಷ್ಯಾರಿಗಿ ಯಾಕ?”

ಮುರುಮ ಊರಿನ ನನ್ನ ಔಷಧಿ ಅಂಗಡಿಗೆ ಬಂದ ಹಿರಿಯ ಕುರಿಗಾರರೊಬ್ಬರು ಹೀಗೆಂದು ನಗುತ್ತ ಕಾಂಡೋಮ್ ಪೊಟ್ಟಣವನ್ನು ನನ್ನತ್ತ ಸರಿಸಿದಾಗ ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ಅಕಾಲದಲ್ಲಿ ಮರಿಗಳಾಗಬಾರದೆಂದು ನಮ್ಮ ಕಡೆ ಟಗರಿನ ಹೊಟ್ಟೆಯ ಕೆಳಗೆ ಬಟ್ಟೆ ಕಟ್ಟುತ್ತಾರೆ. ಅವರಿಗೆ ನೆನಪಾದದ್ದು ಅದು.

ಅವರಿಗೆ ಗುಪ್ತರೋಗ ತಗಲಿತ್ತು. ಗುಳಿಗೆ ಬರೆದ ಡಾಕ್ಟರು, ಇದನ್ನೂ ಬಳಸಿ, ಹೆಂಡತಿಯನ್ನೂ ತಪಾಸಣೆಗೆ ಕರೆತನ್ನಿ ಎಂದು ಹೇಳಿ ಕಳಿಸಿದ್ದರು.

“ಗುಳಿಗಿ ಅಷ್ಟ ಕೊಡು. ಆಕಿದು ಆಪರೇಶನ್ ಆಗಿ ಜಮಾನಾ ಆತು. ನಮಗ ಇನ್ನೆಲ್ಲಿ ಮಕ್ಕಳಾಗ್ತಾವ?”

“ಮಕ್ಕಳ ಸಲುವಾಗಿ ಅಲ್ರೀ ಕಾಕಾ. ನಿಮ್ಮ ರೋಗ ಕಾಕೂಗ ಹತ್ತಬಾರದಂತ,” ಎಂದೆ.

ಅವರ ನಗು ನಿಂತಿತು. ಎದುರಿನ ಕಟ್ಟೆಯ ಮೇಲೆ ಅವರ ಹೆಂಡತಿ ತಲೆತುಂಬ ಸೆರಗು ಹೊದ್ದು, ಗಂಡನ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಆ ಕಡೆ ನೋಡಿದ ಕಾಕಾ, ಪೊಟ್ಟಣವನ್ನು ಮೆಲ್ಲಗೆ ಕಂಬಳಿಯೊಳಗೆ ಸೇರಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು: “ಈಗ ಇದೆಲ್ಲ ಯಾಕಂತ ಆಕಿ ಕೇಳಿದ್ರ, ನಾ ಏನಂತ ಹೇಳ್ಲಿ?”

ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಅವರ ಮೇಲೆ ಸಿಟ್ಟಾಗಬೇಕೋ, ಮರುಗಬೇಕೋ, ಇಂದಿಗೂ ಗೊತ್ತಾಗಿಲ್ಲ. ಕಾಕಾ ರಸ್ತೆ ದಾಟಿ ಹೋದಾಗ, ಏನೂ ಅರಿಯದ ಆಕೆ ರುಮಾಲಿನ ಧೂಳು ಝಾಡಿಸಿ ಅವರ ಕೈಗಿತ್ತದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.