ಬದ್ಲಿ ವಾಪಸ್

ಇವತ್ತು ಬೆಳಗ್ಗೆ ಹಾಲು ಕಾಯಿಸಿ, ಡಬ್ಬಿಗೆ ಚಪಾತಿ, ಶೇಂಗಾ ಹಿಂಡಿ ಹಾಕಿಟ್ಟು, ಬಟ್ಟೆ ನೆನೆಹಾಕಲು ಕೂತೆ. ನೆನೆಹಾಕುವ ಮುಂಚೆ ಜೇಬು ತಡವುವುದು ನನ್ನ ರೂಢಿ. ಗಂಡನ ಜೇಬಿನಲ್ಲಿ ಅಡಕೆ ಚೂರು ಸಿಗುತ್ತದೆ. ನಾಲ್ಕನೇ ತರಗತಿಯ ಮಗಳು ಸೃಷ್ಟಿಯ ಜೇಬಿನಲ್ಲಿ ರೆಕ್ಕೆಯ ಹಾವು, ಬೆಂಕಿಯುಗುಳುವ ನರಿ, ಎರಡು ತಲೆಯ ಆಮೆ. ಎಲ್ಲ ಕಾರ್ಡಿನ ಪ್ರಾಣಿಗಳು, ಒಂದಕ್ಕಿಂತ ಒಂದಕ್ಕೆ ಬಲ ಹೆಚ್ಚು. ಇವತ್ತು ಆ ಜೇಬು ಖಾಲಿ ಇತ್ತು.

ಈ ಪ್ರಾಣಿಗಳು ಟೀವಿಯಲ್ಲಿ ಹುಟ್ಟಿ ಕಾರ್ಡಿಗೆ ಬಂದವು ಎಂದೇ ನಾನು ತಿಳಿದಿದ್ದೆ. ಮಗಳು ನನ್ನನ್ನು ಕನಿಕರದಿಂದ ನೋಡಿ ತಿದ್ದಿದಳು: ಇವು ಮೊದಲು ಕಾರ್ಡು, ಆಮೇಲೆ ಕಾರ್ಟೂನು, ಆಮೇಲೆ ಸಿನಿಮಾ, ಮೊಬೈಲಿನ ಆಟ. ಕಡೆಗೆ ಕುರುಕಲು ಪೊಟ್ಟಣದೊಳಗೆ ಕೂತು ನಮ್ಮೂರು ವಾಡಿಯ ಸ್ಟೇಷನ್ ರಸ್ತೆಗೂ ಬರುತ್ತವೆ. ಇಲ್ಲಿಗೆ ಮುಟ್ಟುವಷ್ಟರಲ್ಲಿ ಡ್ರ್ಯಾಗನ್ನಿನ ಸ್ಪೆಲಿಂಗ್ ಕೆಟ್ಟಿರುತ್ತದೆ, ಪಾಪ. ಹಿಂದಿನವರು ದಶಾವತಾರದ ಚಿತ್ರ ಬರೆದ ದುಂಡನೆಯ ಗಂಜೀಫಾ ಎಲೆ ಆಡುತ್ತಿದ್ದರಂತೆ. ಆಗ ಪುರಾಣ ಎಲೆಗಿಳಿಯಿತು, ಈಗ ಎಲೆಯೇ ಪುರಾಣ ಹೆರುತ್ತಿದೆ.

ನಾನು ಓದಿದ ಕಾನ್ವೆಂಟಿನಲ್ಲಿ ಎಲೆ ಅಂದರೆ ಇಸ್ಪೀಟು, ಇಸ್ಪೀಟು ಅಂದರೆ ಪಾಪ. ಆದರೆ ಜಾಣಮಕ್ಕಳಿಗೆ ಸಿಸ್ಟರು ಸಂತರ ಪುಟ್ಟ ಚಿತ್ರ ಕೊಡುತ್ತಿದ್ದರು. ಇಬ್ಬರು ಅಂತೋನಿಗಳನ್ನು ಕೊಟ್ಟು ಒಬ್ಬ ಮೇರಿಯಮ್ಮನನ್ನು ಪಡೆದವಳು ನಾನು. ಮಗಳಿಗೆ ಯಾವ ಬಾಯಿಂದ ಬುದ್ಧಿ ಹೇಳಲಿ?

ಕಾರ್ಡು ಕೊಟ್ಟು ಕಾರ್ಡು ಪಡೆಯುವುದಕ್ಕೆ ಇಲ್ಲಿಯ ಮಕ್ಕಳು ‘ಬದ್ಲಿ’ ಅನ್ನುತ್ತಾರೆ. ಮನಸ್ಸಿಗೆ ಬರದಿದ್ದರೆ ಇಬ್ಬರೂ ತಿರುಗಿ ಕೊಟ್ಟು ‘ಬದ್ಲಿ ವಾಪಸ್’ ಮಾಡಬಹುದು. ಪುಕ್ಕಟೆ ಮಾತ್ರ ಯಾರೂ ಕೊಡುವಂತಿಲ್ಲ, ತಗೊಳ್ಳುವಂತಿಲ್ಲ. ಈ ಕಾಯದೆಯ ನ್ಯಾಯಾಧೀಶೆ ಬಾಜೂಮನೆ ಶಬಾನಾ ಭಾಬಿಯ ಮಗಳು ಅಫ್ರೀನ್. ಮೂರು ವರ್ಷ ನಮ್ಮ ಕಟ್ಟೆಯೇ ಅವಳ ಕಚೇರಿ. ಅವಳೊಬ್ಬಳೇ ಸೃಷ್ಟಿಗೆ ಗೆಳತಿ.

ನಮ್ಮದು ರೈಲ್ವೆ ಕ್ವಾರ್ಟರ್ಸು. ಇಲ್ಲಿ ದೊಡ್ಡವರ ಬಾಯಲ್ಲಿ ಬದ್ಲಿ ಅಂದರೆ ವರ್ಗಾವಣೆ. ಹೋದ ವಾರ ಊಟಕ್ಕೆ ಕೂತಾಗ, ಅಫ್ರೀನ್‌ಳ ಅಪ್ಪಂದು ಬದ್ಲಿ ಆಗ್ಯಾದವ್ವ ಎಂದೆ. “ಯಾವುದಕ್ಕ ಬದ್ಲಿ?” ಎಂದಳು ಮಗಳು. ನಾನು ನಕ್ಕೆ. ಅವಳು ನಗಲಿಲ್ಲ, ಉತ್ತರಕ್ಕೆ ಕಾಯುತ್ತಿದ್ದಳು.

ಜೇಬು ಖಾಲಿ ಇದ್ದದ್ದು ಯಾಕೆಂದು ಹೊರಗೆ ಬಂದಾಗ ತಿಳಿಯಿತು. ಸಾಮಾನು ತುಂಬಿದ ಟೆಂಪೋ ನಿಂತಿತ್ತು. ಅಫ್ರೀನ್‌ಳ ಅಪ್ಪ ಹಗ್ಗ ಬಿಗಿಯುತ್ತಿದ್ದರು. ಅವರ ಮುಂದೆ ಸೃಷ್ಟಿ, ಎರಡೂ ಕೈಯಲ್ಲಿ ತನ್ನ ಕಾರ್ಡಿನ ಕಟ್ಟು.

“ಮಾಮಾ, ಇವೆಲ್ಲಾ ತಗೊಳ್ರಿ. ಬದ್ಲಿ ವಾಪಸ್ ಮಾಡ್ರಿ.”

ಅವರು ಹಗ್ಗ ಬಿಟ್ಟು ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಕಾರ್ಡನ್ನು ತಿರುವಿ ನೋಡಿದರು, ಅರ್ಜಿ ಓದುವವರ ಹಾಗೆ. “ಭಾಳ ಚಲೋ ಅದಾವ ಬೇಟಾ,” ಎಂದರು. “ಆದ್ರ ಇದು ನನ್ನ ಕೈಯಾಗ ಇಲ್ಲ.”

ಅಷ್ಟರಲ್ಲಿ ಅಫ್ರೀನ್ ಬಂದಳು. ತಲೆಯಿನ್ನೂ ಹಸಿ ಇತ್ತು. ಕಟ್ಟಿನಿಂದ ಬಂಗಾರ ಬಣ್ಣದ ಡ್ರ್ಯಾಗನ್ನನ್ನು ಎಳೆದುಕೊಂಡು, ಟೆಂಪೋ ಹತ್ತಿ ಕೂತಳು. ಬದ್ಲಿಗೆ ಏನೂ ಕೊಡಲಿಲ್ಲ. ಸೃಷ್ಟಿಯೂ ಕೇಳಲಿಲ್ಲ. ಭಾಬಿ ನನ್ನ ಕೈ ಹಿಡಿದು ಏನೋ ಹೇಳಲು ಹೋಗಿ, ಗ್ಯಾಸಿನವನು ಬಂದರೆ ನಿಮ್ಮ ಮನೆಯಲ್ಲಿಟ್ಟ ನಮ್ಮ ಖಾಲಿ ಸಿಲಿಂಡರ್ ವಾಪಸ್ ಕೊಡ್ರಿ ಎಂದಷ್ಟೇ ಹೇಳಿದರು. ನಮಗೆ ದೊಡ್ಡವರಿಗೆ ಹೊತ್ತಿಗೆ ಸರಿಯಾದ ಮಾತು ಎಂದೂ ಸಿಗುವುದಿಲ್ಲ.

ಸಂಜೆ ಸೃಷ್ಟಿ ಕಟ್ಟೆಯ ಮೇಲೆ ಉಳಿದ ಕಾರ್ಡು ಹರಡಿ ಎರಡು ಪಾಲು ಮಾಡಿದಳು. ತನ್ನ ಪಾಲಿನದೊಂದು ಇಳಿಸಿದಳು. ಎದ್ದು ಆಚೆ ಬದಿಗೆ ಹೋಗಿ ಕೂತು, ಅಲ್ಲಿಂದೊಂದು ಇಳಿಸಿದಳು. ಮತ್ತೆ ಎದ್ದು ಈಚೆ ಬಂದಳು. ಬಾಗಿಲಲ್ಲಿ ನಿಂತಿದ್ದ ನಾನು ಅವಳನ್ನು ಕರೆಯಲಿಲ್ಲ.

ಆ ಕಡೆಯ ಮನೆಯ ಸುಶೀಲಾಬಾಯಿ ತುಂಬಿದ ಕೊಡ ಎತ್ತಿಕೊಂಡು ಹೋಗುತ್ತ ನಮ್ಮ ಮುಂದೆ ಒಂದು ಗಳಿಗೆ ನಿಂತರು. ಬೀಗ ಬಿದ್ದ ಬಾಜೂಮನೆಯ ಕಡೆ ಗದ್ದ ತೋರಿಸಿ, “ಒಂದು ಮನಿ ಖಾಲಿ ಆದ್ರ ಎಷ್ಟ್ ಫರಕ ನೋಡ್ರಿ,” ಎಂದರು. “ನಳಕ್ಕ ನೀರು ಇವತ್ತ ಭಾಳ ಜೋರ ಬರಾಕತ್ತಾವ.”